ಹಳೆಯ ಕಾರಿನ ಎಂಜಿನ್: ಎರಡು ಪರೀಕ್ಷೆಗಳ ಅಂಕಿಗಳನ್ನು ಓದುವ ಬಗೆ

ತರಗತಿ: 9 ಮತ್ತು 10
ವಿಷಯ: ವಿಜ್ಞಾನ (ಒತ್ತಡ, ದಹನ), ಗಣಿತ (ಶೇಕಡಾವಾರು)
ಅವಧಿ: 40 ನಿಮಿಷಗಳ ಎರಡು ತರಗತಿಗಳು
ಸಾಮಗ್ರಿ: ಚರ್ಮದ ವಾಷರ್ ಇರುವ ಹಳೆಯ ಸೈಕಲ್ ಪಂಪು, ಕೆಲವು ಹನಿ ಎಣ್ಣೆ, ಕಪ್ಪುಹಲಗೆ

1. ಪಾಠದ ಉದ್ದೇಶ

ಹಳೆಯ ಕಾರನ್ನು ಕೊಳ್ಳುವ ಕುಟುಂಬವು ಹಲವು ವರ್ಷಗಳ ಉಳಿತಾಯವನ್ನು ಒಂದು ದಿನದ ಮಾತುಕತೆಯಲ್ಲಿ ತೊಡಗಿಸಿಬಿಡುತ್ತದೆ. ಬಣ್ಣ, ಸೀಟು, ಟಯರು ಕಣ್ಣಿಗೆ ಕಾಣುತ್ತವೆ. ಎಂಜಿನ್ನಿನ ಒಳಗು ಕಾಣುವುದಿಲ್ಲ. ಅದನ್ನು ಬಿಚ್ಚದೆಯೇ ಅರಿಯಲು ನೆರವಾಗುವ ಪರೀಕ್ಷೆಗಳು ಎರಡು: ಸಿಲಿಂಡರುಗಳು ಗಾಳಿಯನ್ನು ಎಷ್ಟು ಒತ್ತಿ ಹಿಡಿಯುತ್ತವೆ ಎಂಬುದನ್ನು ಅಳೆಯುವ ಸಂಪೀಡನ ಪರೀಕ್ಷೆ, ಮತ್ತು ಹೊರಬರುವ ಅನಿಲಗಳನ್ನು ಅಳೆಯುವ ಹೊಗೆ ತಪಾಸಣೆ.

ಗಡಿಯಾಚೆಯ ಕನ್ನಡ ಶಾಲೆಗಳ ಮಕ್ಕಳಿಗೆ ಈ ಪಾಠದಿಂದ ಇನ್ನೊಂದು ಪ್ರಯೋಜನವಿದೆ. ಗ್ಯಾರೇಜಿನ ಮಾತು ಕಾಸರಗೋಡಿನಲ್ಲಿ ಮಲಯಾಳದಲ್ಲಿ, ತಾಳವಾಡಿಯಲ್ಲಿ ತಮಿಳಿನಲ್ಲಿ, ಅಕ್ಕಲಕೋಟೆಯಲ್ಲಿ ಮರಾಠಿಯಲ್ಲಿ, ಆದೋನಿಯಲ್ಲಿ ತೆಲುಗಿನಲ್ಲಿ ನಡೆಯಬಹುದು. ಆದರೆ ಹೊಗೆಯ ಮಿತಿಗಳು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯ ನಿಯಮಕ್ಕೆ ಸೇರಿದವು. ಅವು ಎಲ್ಲ ರಾಜ್ಯಗಳಿಗೂ ಸಮಾನ. ಅಂಕಿಯ ಅರ್ಥವನ್ನು ತನ್ನ ಭಾಷೆಯಲ್ಲಿ ಆಲೋಚಿಸಿ ಕಂಡುಕೊಂಡ ವಿದ್ಯಾರ್ಥಿಯು ಅದನ್ನು ಬೇರೆ ಭಾಷೆಯಲ್ಲಿಯೂ ವಿಚಾರಿಸಬಲ್ಲನು.

2. ಪೀಠಿಕಾ ಚಟುವಟಿಕೆ

ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ ಹಿಡಿಕೆಯನ್ನು ತಳ್ಳಲು ಒಬ್ಬ ವಿದ್ಯಾರ್ಥಿಗೆ ಹೇಳಬೇಕು. ಗಾಳಿಯು ಎದುರು ಒತ್ತುವುದು ಅನುಭವಕ್ಕೆ ಬರುತ್ತದೆ. ಹಲವು ಸಲ ತಳ್ಳಿದಾಗ ಕೊಳವೆ ಬೆಚ್ಚಗಾಗುತ್ತದೆ. ವಾಷರ್ ಒಣಗಿದ್ದರೆ ಗಾಳಿ ನಿಲ್ಲದು. ಆಗ ಕೆಲವು ಹನಿ ಎಣ್ಣೆ ಬಿಟ್ಟು ಮತ್ತೆ ತಳ್ಳಿಸಬೇಕು. ವಾಷರಿನ ಅಂಚು ಕೊಳವೆಗೆ ಅಂಟಿ ಗಾಳಿ ನಿಲ್ಲುತ್ತದೆ. ಆದರೆ ಗಾಳಿಯು ಬಾಯಿಯನ್ನು ಮುಚ್ಚಿದ ಬೆರಳಿನ ಸಂದಿನಿಂದ ಹೋಗುತ್ತಿದ್ದರೆ, ವಾಷರಿಗೆ ಎಷ್ಟು ಎಣ್ಣೆ ಬಿಟ್ಟರೂ ಫಲವಿಲ್ಲ. ಇಡೀ ಪಾಠದ ಕೀಲಿಕೈ ಈ ವ್ಯತ್ಯಾಸದಲ್ಲಿದೆ.

3. ಸಂಪೀಡನ ಪರೀಕ್ಷೆ

ಎಂಜಿನ್ನಿನಲ್ಲಿ ಪಂಪಿನ ವಾಷರಿನ ಕೆಲಸವನ್ನು ಪಿಸ್ಟನ್ ರಿಂಗುಗಳು ಮಾಡುತ್ತವೆ. ಬಾಯಿ ಮುಚ್ಚುವ ಬೆರಳಿನ ಕೆಲಸವನ್ನು ಕವಾಟಗಳು, ಅಂದರೆ ವಾಲ್ವುಗಳು, ಮಾಡುತ್ತವೆ. ಸಿಲಿಂಡರಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಹೆಡ್ ಗ್ಯಾಸ್ಕೆಟ್ ಇರುತ್ತದೆ. ಗಾಳಿ ಸೋರುವುದು ಮುಖ್ಯವಾಗಿ ಈ ಮೂರು ದಾರಿಗಳಿಂದ.

ಪರೀಕ್ಷೆಯ ಮುನ್ನ ಎಂಜಿನ್ ಬಿಸಿಯಾಗಿರಬೇಕು, ಬ್ಯಾಟರಿ ಪೂರ್ತಿ ಚಾರ್ಜಾಗಿರಬೇಕು, ಎಲ್ಲ ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿರಬೇಕು, ಪೆಟ್ರೋಲು ಮತ್ತು ಕಿಡಿಯ ಸಂಪರ್ಕಗಳನ್ನು ತಪ್ಪಿಸಿರಬೇಕು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಗಾಳಿಯ ದಾರಿಯನ್ನು ತೆರೆದಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅಂಕಿ ಸುಳ್ಳಾಗಬಹುದು. ಬ್ಯಾಟರಿ ಸೋತಿದ್ದರೆ ಒಳ್ಳೆಯ ಎಂಜಿನ್ನೂ ಕಡಿಮೆ ಒತ್ತಡ ತೋರುತ್ತದೆ.

ಒತ್ತಡದ ಮಾನವು ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬುದು. ಗ್ಯಾರೇಜುಗಳಲ್ಲಿ ಇದನ್ನು ಪಿಎಸ್‌ಐ ಎನ್ನುತ್ತಾರೆ. ವಾತಾವರಣದ ಒತ್ತಡ ಸುಮಾರು 14.7 ಪಿಎಸ್‌ಐ. ಗಾಳಿಯನ್ನು ಹತ್ತನೆಯ ಒಂದು ಭಾಗಕ್ಕೆ ಕುಗ್ಗಿಸಿದರೆ ಬಾಯ್ಲನ ನಿಯಮದಂತೆ ಒತ್ತಡ 147 ಆಗಬೇಕು. ಮಾಪಕವು ವಾತಾವರಣದ ಒತ್ತಡವನ್ನು ಬಿಟ್ಟು ತೋರಿಸುವುದರಿಂದ ಸುಮಾರು 132. ಆದರೂ ಒಳ್ಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಮಾಪಕವು 170, 180 ಎಂದು ತೋರಿಸುವುದುಂಟು. ಕಾರಣವನ್ನು ಪಂಪು ಆಗಲೇ ತಿಳಿಸಿದೆ: ಒತ್ತಿದ ಗಾಳಿ ಬಿಸಿಯಾಗುತ್ತದೆ. ಬಾಯ್ಲನ ನಿಯಮವು ಉಷ್ಣತೆ ಸ್ಥಿರವಾಗಿರುವಾಗ ಮಾತ್ರ ಅನ್ವಯಿಸುತ್ತದೆ.

ಅಂಕಿಯನ್ನು ಎರಡು ಬಗೆಯಲ್ಲಿ ಹೋಲಿಸಬೇಕು. ಮೊದಲನೆಯದು, ತಯಾರಕರ ಕೈಪಿಡಿಯಲ್ಲಿರುವ ಕನಿಷ್ಠ ಮಿತಿಯೊಂದಿಗೆ. ಎರಡನೆಯದು, ಸಿಲಿಂಡರುಗಳನ್ನು ಪರಸ್ಪರ. ಅತಿ ಕಡಿಮೆಯದು ಅತಿ ಹೆಚ್ಚಿನದರ ಶೇಕಡಾ 75ಕ್ಕಿಂತ ಕೆಳಗಿರಬಾರದೆಂಬುದು ಮೆಕ್ಯಾನಿಕ್ಕುಗಳು ಸಾಮಾನ್ಯವಾಗಿ ಪಾಲಿಸುವ ಅಂದಾಜು.

ಒತ್ತಡ ಕಡಿಮೆಯಿದ್ದರೆ ಸಿಲಿಂಡರಿಗೆ ಒಂದು ಚಹಾ ಚಮಚದಷ್ಟು ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯುತ್ತಾರೆ. ಅಂಕಿ ಚೆನ್ನಾಗಿ ಏರಿದರೆ ರಿಂಗುಗಳು ಸವೆದಿವೆ ಎಂದು ಊಹಿಸಬಹುದು. ಏರದಿದ್ದರೆ ದೋಷ ವಾಲ್ವಿನಲ್ಲೋ ಗ್ಯಾಸ್ಕೆಟ್ಟಿನಲ್ಲೋ ಇರುವ ಸಂಭವ ಹೆಚ್ಚು.

4. ಹೊಗೆ ತಪಾಸಣೆ

ಪೆಟ್ರೋಲು ಪೂರ್ಣವಾಗಿ ಉರಿದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರು ಉಂಟಾಗುತ್ತವೆ. ಆಮ್ಲಜನಕ ಸಾಲದೆ ಅರೆಬರೆ ಉರಿದಾಗ ಇಂಗಾಲದ ಮೊನಾಕ್ಸೈಡ್ ಹೆಚ್ಚುತ್ತದೆ. ಎಂದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಉರಿಯದೆಯೇ ಹೊರಬಿದ್ದ ಇಂಧನವು ಹೈಡ್ರೋಕಾರ್ಬನ್ ಆಗಿ ಕಾಣಿಸಿಕೊಳ್ಳುತ್ತದೆ; ಎಂದರೆ ಯಾವುದೋ ಸಿಲಿಂಡರಿನಲ್ಲಿ ದಹನ ಸರಿಯಾಗಿ ನಡೆಯುತ್ತಿಲ್ಲ.

ಭಾರತ್ ಸ್ಟೇಜ್ 4ರ ಪೆಟ್ರೋಲ್ ಕಾರು ನಿಂತಲ್ಲಿಯೇ ನಿಧಾನವಾಗಿ ಓಡುತ್ತಿರುವಾಗ ಮೊನಾಕ್ಸೈಡಿನ ಮಿತಿ ಶೇಕಡಾ 0.3, ಹೈಡ್ರೋಕಾರ್ಬನ್ನಿನ ಮಿತಿ ಹತ್ತು ಲಕ್ಷ ಭಾಗಗಳಲ್ಲಿ 200 ಭಾಗ. ಮಾನಗಳು ಬೇರೆಯಾದ್ದರಿಂದ 200 ದೊಡ್ಡದು, 0.3 ಚಿಕ್ಕದು ಎಂದು ಮಕ್ಕಳು ಭಾವಿಸುವುದು ಸಹಜ. ಶೇಕಡಾ 0.3 ಎಂದರೆ ಹತ್ತು ಲಕ್ಷದಲ್ಲಿ 3000 ಭಾಗ ಎಂಬುದನ್ನು ಅವರಿಂದಲೇ ಲೆಕ್ಕ ಮಾಡಿಸಬೇಕು.

5. ಎರಡು ಕಾರುಗಳು

ಕೆಳಗಿನ ಅಂಕಿಗಳು ಪಾಠಕ್ಕಾಗಿ ಕಲ್ಪಿಸಿದವು. ಎರಡೂ ಒಂದೇ ಮಾದರಿಯ, ನಾಲ್ಕು ಸಿಲಿಂಡರಿನ, ಭಾರತ್ ಸ್ಟೇಜ್ 4ರ ಪೆಟ್ರೋಲ್ ಕಾರುಗಳು, ಬೆಲೆಯೂ ಒಂದೇ. ಕೈಪಿಡಿಯ ಪ್ರಕಾರ ಕನಿಷ್ಠ ಒತ್ತಡ 140 ಪಿಎಸ್‌ಐ ಎಂದಿಟ್ಟುಕೊಳ್ಳಬೇಕು.

ಕಾರು ‘ಅ’
ಆಯಿಲ್ ಹಾಕುವ ಮುನ್ನ: 178, 174, 118, 176
ಮೂರನೆಯದಕ್ಕೆ ಆಯಿಲ್ ಹಾಕಿದ ಮೇಲೆ: 122
ಮೊನಾಕ್ಸೈಡ್: ಶೇಕಡಾ 0.2
ಹೈಡ್ರೋಕಾರ್ಬನ್: 430
ಹೊಗೆ ತಪಾಸಣೆ: ಅನುತ್ತೀರ್ಣ

ಕಾರು ‘ಆ’
ಆಯಿಲ್ ಹಾಕುವ ಮುನ್ನ: 122, 118, 120, 116
ಆಯಿಲ್ ಹಾಕಿದ ಮೇಲೆ: 158, 152, 155, 150
ಮೊನಾಕ್ಸೈಡ್: ಶೇಕಡಾ 0.2
ಹೈಡ್ರೋಕಾರ್ಬನ್: 150
ಹೊಗೆ ತಪಾಸಣೆ: ಉತ್ತೀರ್ಣ

ವಿವರಣೆಗೆ ಮೊದಲು, ಯಾವ ಕಾರನ್ನು ಕೊಳ್ಳಬೇಕೆಂದು ಪ್ರತಿಯೊಬ್ಬ ವಿದ್ಯಾರ್ಥಿಯೂ ಬರೆದಿಡಬೇಕು. ಹೆಚ್ಚಿನವರು ‘ಆ’ ಕಾರನ್ನು ಆರಿಸುವ ಸಂಭವವಿದೆ. ಅದಕ್ಕೆ ಪ್ರಮಾಣಪತ್ರವಿದೆ, ಅದರ ಸಿಲಿಂಡರುಗಳ ನಡುವೆ ವ್ಯತ್ಯಾಸವೂ ಅಲ್ಪ, ಏಕೆಂದರೆ 116 ಎಂಬುದು 122ರ ಶೇಕಡಾ 95.

ಈಗ ಅಂಕಿಗಳನ್ನು ಕೂಡಿಸಿ ಓದಬೇಕು. ‘ಅ’ ಕಾರಿನ ಮೂರು ಸಿಲಿಂಡರುಗಳು ಗಟ್ಟಿಯಾಗಿವೆ. ಮೂರನೆಯದು ಅತಿ ಹೆಚ್ಚಿನದರ ಶೇಕಡಾ 66 ಮಾತ್ರ. ಆಯಿಲ್ ಹಾಕಿದರೂ ಅಂಕಿ ಏರಲಿಲ್ಲ. ಆದ್ದರಿಂದ ರಿಂಗುಗಳ ಮೇಲೆ ಸಂಶಯ ಕಡಿಮೆ. ಅಕ್ಕಪಕ್ಕದ ಸಿಲಿಂಡರುಗಳು ಸರಿಯಾಗಿರುವುದರಿಂದ ಗ್ಯಾಸ್ಕೆಟ್ಟಿಗಿಂತ ವಾಲ್ವಿನ ಮೇಲೆ ಸಂಶಯ ಹೆಚ್ಚು. ಹೊಗೆಯೂ ಅದನ್ನೇ ಹೇಳುತ್ತದೆ: ಮೊನಾಕ್ಸೈಡ್ ಮಿತಿಯಲ್ಲಿದೆ, ಪೆಟ್ರೋಲು ಗಾಳಿಯ ಪ್ರಮಾಣ ಸರಿಯಿದೆ, ಒಂದು ಸಿಲಿಂಡರಿನ ಇಂಧನ ಮಾತ್ರ ಉರಿಯದೆ ಹೋಗುತ್ತಿದೆ. ಹೆಡ್ ಬಿಚ್ಚಿ ವಾಲ್ವನ್ನು ಸರಿಪಡಿಸಿದರೆ ಕೆಲಸ ಮುಗಿಯಬಹುದು.

‘ಆ’ ಕಾರಿನ ನಾಲ್ಕು ಸಿಲಿಂಡರುಗಳೂ ಕನಿಷ್ಠ ಮಿತಿಗಿಂತ ಕೆಳಗಿವೆ. ಆಯಿಲ್ ಬಿದ್ದೊಡನೆ ನಾಲ್ಕೂ ಏರಿವೆ. ರಿಂಗುಗಳು ಸಮನಾಗಿ ಸವೆದಿವೆ. ಎಂಜಿನ್ ಪೂರ್ತಿ ಇಳಿಸಿ ರಿಂಗು ಬದಲಿಸಬೇಕಾಗಬಹುದು, ಸಿಲಿಂಡರುಗಳನ್ನು ಕೊರೆಸಲೂ ಬೇಕಾಗಬಹುದು. ಹಾಗಾದರೆ ಅದು ತಪಾಸಣೆಯಲ್ಲಿ ಉತ್ತೀರ್ಣವಾದದ್ದು ಹೇಗೆ? ಭಾರವಿಲ್ಲದೆ ನಿಂತಲ್ಲೇ ಓಡುವಾಗ ನಾಲ್ಕು ಸಿಲಿಂಡರುಗಳಲ್ಲೂ ದಹನ ನಡೆಯುತ್ತಿದೆ; ಉಳಿದ ಕೊಳೆಯನ್ನು ಹೊಗೆಕೊಳವೆಯ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಶುದ್ಧಗೊಳಿಸುತ್ತಿದೆ. ಪ್ರಮಾಣಪತ್ರದಲ್ಲಿ ಸುಳ್ಳಿಲ್ಲ. ಅದು ಆ ಗಳಿಗೆಯ ಹೊಗೆ ಮಿತಿಯೊಳಗಿದೆ ಎಂದಷ್ಟೇ ಹೇಳುತ್ತದೆ. ಎಂಜಿನ್ ಆರೋಗ್ಯವಾಗಿದೆ ಎಂದು ಹೇಳುವುದಿಲ್ಲ. ಕೇಳದ ಪ್ರಶ್ನೆಗೆ ಅದರಿಂದ ಉತ್ತರ ಪಡೆಯಹೋದವನು ಮೋಸಹೋಗುತ್ತಾನೆ.

ಆದ್ದರಿಂದ, ಅನುತ್ತೀರ್ಣವಾದ ‘ಅ’ ಕಾರೇ ಕಡಿಮೆ ಖರ್ಚಿನಲ್ಲಿ ಸರಿಹೋಗುವ ಸಂಭವ ಹೆಚ್ಚು. ಇದೂ ಅಂತಿಮ ತೀರ್ಪಲ್ಲ. ಪಿಸ್ಟನ್ನನ್ನು ಮೇಲ್ತುದಿಯಲ್ಲಿ ನಿಲ್ಲಿಸಿ, ಸಿಲಿಂಡರಿಗೆ ಹೊರಗಿನಿಂದ ಒತ್ತಡದ ಗಾಳಿ ತುಂಬಿ ಕಿವಿಗೊಟ್ಟರೆ ಸೋರುವ ದಾರಿ ತಿಳಿಯುತ್ತದೆ. ಹೊಗೆಕೊಳವೆಯಲ್ಲಿ ಸದ್ದಾದರೆ ಹೊರವಾಲ್ವು, ಗಾಳಿ ಒಳಬರುವ ಕಡೆ ಸದ್ದಾದರೆ ಒಳವಾಲ್ವು, ಆಯಿಲ್ ತುಂಬುವ ಬಾಯಿಯಲ್ಲಿ ಸದ್ದಾದರೆ ರಿಂಗು, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್.

6. ಎಚ್ಚರಿಕೆ

ಇಂಗಾಲದ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿನೊಂದಿಗೆ ಕೂಡಿಕೊಂಡು ಪ್ರಾಣಾಪಾಯ ತರುತ್ತದೆ. ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಬಾರದೆಂಬುದನ್ನು ಮಕ್ಕಳಿಗೆ ಒತ್ತಿ ಹೇಳಬೇಕು. ಗ್ಯಾರೇಜಿಗೆ ಭೇಟಿ ಏರ್ಪಡಿಸಿದರೆ ಮಕ್ಕಳು ನೋಡುವವರಾಗಿರಬೇಕು, ಮುಟ್ಟುವವರಾಗಬಾರದು.

7. ಅಭ್ಯಾಸ

ಅ) ಒಂದು ಕಾರಿನ ಅಂಕಿಗಳು 176, 124, 120, 178. ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳಿಗೆ ಆಯಿಲ್ ಹಾಕಿದರೂ ಅಂಕಿ ಏರಲಿಲ್ಲ. ದೋಷ ಎಲ್ಲಿರಬಹುದು? (ಸೂಚನೆ: ಕಡಿಮೆಯಾದ ಎರಡೂ ಅಕ್ಕಪಕ್ಕದವು, ಅವುಗಳ ನಡುವೆ ಗ್ಯಾಸ್ಕೆಟ್ ಸೋರುತ್ತಿರುವ ಸಂಭವವನ್ನು ಮೊದಲು ಪರಿಶೀಲಿಸಬೇಕು.)

ಆ) ಮೊನಾಕ್ಸೈಡ್ ಶೇಕಡಾ 2 ಇದ್ದು, ನಾಲ್ಕು ಸಿಲಿಂಡರುಗಳ ಒತ್ತಡವೂ ಸರಿಯಾಗಿದ್ದರೆ ಮೆಕ್ಯಾನಿಕ್ಕನು ಎಂಜಿನ್ ಬಿಚ್ಚಬೇಕೆ? (ಸೂಚನೆ: ದೋಷ ಇಂಧನ ಮತ್ತು ಗಾಳಿಯ ಪ್ರಮಾಣದಲ್ಲಿರಬಹುದು.)

ಇ) ಆರಂಭದಲ್ಲಿ ಬರೆದಿಟ್ಟ ಉತ್ತರವನ್ನು ತೆರೆದು ನೋಡಿ, ಅದನ್ನು ಬದಲಿಸಿದ್ದರೆ ಯಾವ ಅಂಕಿಯಿಂದಾಗಿ ಬದಲಿಸಲಾಯಿತೆಂಬುದನ್ನು ಐದು ವಾಕ್ಯಗಳಲ್ಲಿ ಬರೆಯಿರಿ.

ಮೌಲ್ಯಮಾಪನದಲ್ಲಿ ಸರಿಯುತ್ತರಕ್ಕಿಂತ ಈ ಕೊನೆಯ ಐದು ವಾಕ್ಯಗಳಿಗೆ ಶಿಕ್ಷಕರು ಹೆಚ್ಚು ಅಂಕ ನೀಡುವುದು ಉಚಿತ.