ಕಟ್ಟೆಯ ಮೇಲಿನ ಲೆಕ್ಕ

ಬೇಡಕಿಹಾಳದ ತಾಯಂದಿರೇ, ತಂದೆಯರೇ, ಸಂಜೆ ಶಾಲೆಯಿಂದ ಬಂದ ಮಗುವನ್ನು ಮತ್ತೆ ಮಗ್ಗಿಗೆ ಕೂರಿಸಬೇಡಿ. ಸರಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯೂ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗಿನಿಂದ, ಆಡುತ್ತಲೇ ಕಲಿಸುತ್ತ ಬಂದಿದೆ. ಕಟ್ಟೆಯ ಮೇಲೆ 25 ಮನೆಯ ಚೌಕಾಬಾರಾ ಬರೆಯಿರಿ. 4 ಹುಣಸೆ ಬೀಜಗಳನ್ನು ಒಂದು ಬದಿ ಬೆಳ್ಳಗಾಗುವಂತೆ ಕಲ್ಲಿಗೆ ತಿಕ್ಕಿ. ನಾಲ್ಕೂ ಬಿಳಿ ಬಿದ್ದರೆ 4, ನಾಲ್ಕೂ ಕಪ್ಪಾದರೆ 8. ‘ಆ ಕಾಯಿ ಹೊಡೆಯಲು ಎಷ್ಟು ಬೀಳಬೇಕವ್ವಾ?’ ಎಂದು ಕೇಳಿ. ಕೂಡುವುದು, ಕಳೆಯುವುದು ಅಲ್ಲೇ ಬರುತ್ತದೆ. ತಪ್ಪಿದರೆ ತಿದ್ದುವ ಅವಸರ ಬೇಡ, ತಾನೇ ಬೆರಳಿಟ್ಟು ಮನೆ ಎಣಿಸಲಿ. ಈ ತಾಳ್ಮೆಯೇ ಎಲ್ಲಕ್ಕಿಂತ ಮುಖ್ಯ. ಓದಿಗೂ ಹೀಗೆಯೇ ಮಾಡಿ: ನಿಪ್ಪಾಣಿ ಪೇಟೆಗೆ ಹೋದಾಗ ಬಸ್ಸಿನ ಫಲಕ, ಅಂಗಡಿಯ ಹೆಸರು ಓದಿಸಿ. ಕನ್ನಡದ ಜೊತೆಗೆ ಮರಾಠಿಯದ್ದೂ ಇರಲಿ, ಗಡಿಯ ಮಕ್ಕಳಿಗೆ ಎರಡೂ ಕಿವಿಗೆ ಬಿದ್ದ ಭಾಷೆಗಳೇ.