ನಾಲ್ಕು ದಿನದ ಆಟಕ್ಕೆ ಒಂದು ದಿನದ ಟಿಕೆಟ್

ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಬರುವ ನಮ್ಮೂರಿನವರು ಕ್ರಿಕೆಟ್ ಎಂದ ಕೂಡಲೇ ಲಾರ್ಡ್ಸ್ ಮೈದಾನದ ಗೈಡೆಡ್ ಟೂರ್‌ಗೆ ಹೋಗುತ್ತಾರೆ. ಖಾಲಿ ಸ್ಟ್ಯಾಂಡುಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬರುತ್ತಾರೆ. ಹೆಚ್ಚುಕಡಿಮೆ ಅದೇ ದುಡ್ಡಿಗೆ, ರೈಲಿನಲ್ಲಿ ಒಂದೆರಡು ಗಂಟೆ ಹೋದರೆ, ಬಿಳಿ ಬಟ್ಟೆ ತೊಟ್ಟವರು ನಿಜವಾಗಿಯೂ ಆಡುತ್ತಿರುತ್ತಾರೆ ಎಂದು ಹೇಳಿದರೆ, "ಕೌಂಟೀನಾ? ಅದನ್ನ ಯಾರು ನೋಡ್ತಾರೆ?" ಅನ್ನುತ್ತಾರೆ.

ನಾವು ನೋಡುತ್ತೇವೆ. ನಾವು ಅಂದರೆ ನಾನು, ಆಸ್ಪತ್ರೆ ಕೆಲಸದಿಂದ ನಿವೃತ್ತನಾದ ದಾವಣಗೆರೆಯ ಗೆಳೆಯ, ಮಂಗಳೂರಿನ ಒಬ್ಬ ಗೆಳತಿ, ಮತ್ತು ಮೇಷ್ಟ್ರಾಗಿದ್ದ ಒಬ್ಬ ಇಂಗ್ಲಿಷ್ ಹಿರಿಯರು. ಬಸವನಗುಡಿಯ ಹುಡುಗನಾಗಿದ್ದಾಗ ನನಗೆ ಈ ಕೌಂಟಿಗಳು ಪೇಪರಿನ ಸಣ್ಣಕ್ಷರದ ಸ್ಕೋರುಗಳಾಗಿ ಮಾತ್ರ ಗೊತ್ತಿದ್ದವು. ಬೇಡಿ ನಾರ್ಥಾಂಪ್ಟನ್‌ಶೈರ್‌ಗೆ, ಎಂಜಿನಿಯರ್ ಲ್ಯಾಂಕಶೈರ್‌ಗೆ ಆಡುತ್ತಿದ್ದ ಕಾಲ. ಆ ಊರುಗಳು ನಕಾಶೆಯಲ್ಲಿ ಎಲ್ಲಿವೆ ಎಂಬುದು ಆಗ ಬೇಕಿರಲಿಲ್ಲ. ಈಗ ಬೇಕು, ಯಾಕೆಂದರೆ ರೈಲು ಹಿಡಿಯಬೇಕು. ಇಷ್ಟು ವರ್ಷ ಕೂತು ಕಲಿತದ್ದನ್ನು ಹೊಸದಾಗಿ ಜೊತೆಗೂಡುವವರಿಗಾಗಿ ಬರೆದಿಡುತ್ತಿದ್ದೇನೆ.

1. ಯಾವ ದಿನ ಹೋಗುವುದು ಎಂಬುದೇ ಅರ್ಧ ಕೆಲಸ

ಕೌಂಟಿ ಚಾಂಪಿಯನ್‌ಶಿಪ್ ಪಂದ್ಯ ನಾಲ್ಕು ದಿನದ್ದು. 1993ರಿಂದ ಎಲ್ಲ ಪಂದ್ಯಗಳೂ ಹಾಗೆಯೇ. ನಾಲ್ಕು ದಿನವೂ ರಜೆ ಹಾಕಿ ಕೂರುವ ಪುಣ್ಯವಂತರು ಪಿಂಚಣಿದಾರರು ಮಾತ್ರ. ಮಿಕ್ಕವರ ಪಾಲಿಗೆ ಬರುವುದು ಆಟದ ಕಾಲು ಭಾಗ. ಯಾರು ಗೆದ್ದರು ಎಂದು ಕಣ್ಣಾರೆ ನೋಡಿ ಬರುವ ಆಸೆಯನ್ನು ಟಿಕೆಟ್ ಕೊಳ್ಳುವಾಗಲೇ ಬಿಡಬೇಕು. ಆಮೇಲೆ ಉಳಿಯುವ ಪ್ರಶ್ನೆ ಒಂದೇ: ಯಾವ ಕಾಲು ಭಾಗ?

ಮೊದಲ ದಿನಕ್ಕೆ ಹಬ್ಬದ ಕಳೆ ಇರುತ್ತದೆ. ಹತ್ತೂವರೆಗೆ ಟಾಸ್, ಹನ್ನೊಂದಕ್ಕೆ ಆಟ, ಹೊಸ ಡ್ಯೂಕ್ಸ್ ಚೆಂಡು, ಮೂರು ಸ್ಲಿಪ್. ಮೊದಲ ಸಲ ಬರುವವರಿಗೆ ಇದೇ ವಾಸಿ. ಎರಡನೇ ದಿನ ಒಳ್ಳೆಯ ಬ್ಯಾಟಿಂಗ್ ಪಿಚ್ಚಿನಲ್ಲಿ ತೂಕಡಿಸಲೂಬಹುದು. ನಾಲ್ಕನೇ ದಿನ ಜೂಜು: ಊಟದೊಳಗೆ ಮುಗಿಯಬಹುದು, ಕೈ ಕುಲುಕಿ ಡ್ರಾ ಎನ್ನಬಹುದು, ಅಥವಾ ಜೀವಮಾನದ ಸಂಜೆ ಸಿಗಬಹುದು.

ನನ್ನ ಆಯ್ಕೆ ಮೂರನೇ ದಿನ. ಎರಡೂ ತಂಡ ಒಂದೊಂದು ಸಲ ಬ್ಯಾಟ್ ಮಾಡಿರುತ್ತವೆ, ಪಿಚ್ಚಿನ ಗುಣ ಬಯಲಾಗಿರುತ್ತದೆ. ಲೀಡ್ ಎಷ್ಟು, ನಾಳೆ ಮಳೆ ಇದೆಯೇ, ಎಷ್ಟಕ್ಕೆ ಡಿಕ್ಲೇರ್ ಮಾಡಬೇಕು, ಎದುರಾಳಿಗೆ ಎಷ್ಟು ಓವರ್ ಕೊಡಬೇಕು ಎಂಬ ಲೆಕ್ಕ ಕ್ಯಾಪ್ಟನ್ನನ ತಲೆಯಲ್ಲಿ ಓಡುತ್ತಿರುತ್ತದೆ. ಅದೇ ಲೆಕ್ಕ ನಮ್ಮ ಸಾಲಿನಲ್ಲೂ ಓಡುತ್ತಿರುತ್ತದೆ. ಉತ್ತರ ಗೊತ್ತಾಗುವುದು ಮರುದಿನ, ಆದ್ದರಿಂದ ಆ ದಿನ ಯಾರೂ ಸೋಲುವುದಿಲ್ಲ. ದಾವಣಗೆರೆಯ ಗೆಳೆಯನಂತೂ ಇನ್ನೂರೈವತ್ತಕ್ಕೆ ಡಿಕ್ಲೇರ್ ಮಾಡಿಸಿ, ಎದುರಾಳಿಯನ್ನು ಆಲೌಟ್ ಕೂಡ ಮಾಡಿಸಿ, ಮೂರು ಗಂಟೆಗೆ ಪಂದ್ಯ ಮುಗಿಸಿಬಿಟ್ಟಿರುತ್ತಾನೆ.

ಅರ್ಧ ದಿನ ಮಾತ್ರ ಬಿಡುವಿದ್ದರೆ ಮೊದಲ ದಿನದ ಸಂಜೆಗೆ ಬನ್ನಿ. ದಿನಕ್ಕೆ 96 ಓವರ್, 80ನೇ ಓವರಿನ ನಂತರ ಹೊಸ ಚೆಂಡು ತೆಗೆದುಕೊಳ್ಳಬಹುದು. ಬೆಳಿಗ್ಗೆಯಿಂದ ಒಂದೇ ತಂಡ ಆಡುತ್ತಿದ್ದರೆ ಆ ಗಳಿಗೆ ಐದು ಗಂಟೆಯ ಆಸುಪಾಸಿನಲ್ಲಿ ಬರುತ್ತದೆ. ದಣಿದ ಬೌಲರು, ದಣಿದ ಬ್ಯಾಟರು, ಹೊಳೆಯುವ ಚೆಂಡು. ಟೀ ಆದ ಮೇಲೆ ಟಿಕೆಟ್ ಕೇಳದ ಮೈದಾನಗಳೂ ಇವೆ, ಗೇಟಿನಲ್ಲಿ ವಿಚಾರಿಸಿ.

2. ದೊಡ್ಡ ಮೈದಾನ ಬೇಡ

ಟೆಸ್ಟ್ ನಡೆಯುವ ಮೈದಾನದಲ್ಲಿ ಕೌಂಟಿ ನೋಡುವುದೆಂದರೆ ಸಾವಿರ ಜನರ ಕಲ್ಯಾಣ ಮಂಟಪದಲ್ಲಿ ಇಪ್ಪತ್ತು ಎಲೆ ಹಾಕಿ ಊಟಕ್ಕೆ ಕೂತ ಹಾಗೆ. ಆಟ ಚೆನ್ನಾಗಿಯೇ ಇರುತ್ತದೆ, ಕುರ್ಚಿಗಳು ಮಾತ್ರ ನಮ್ಮನ್ನೇ ನೋಡುತ್ತಿರುತ್ತವೆ.

ಟಾಂಟನ್, ವುಸ್ಟರ್, ಹೋವ್, ಕ್ಯಾಂಟರ್‌ಬರಿ, ಇವು ಕೌಂಟಿಯ ಅಳತೆಗೆ ಹೊಲಿಸಿದ ಮೈದಾನಗಳು. ವುಸ್ಟರ್‌ನಲ್ಲಿ ಸೆವರ್ನ್ ನದಿ, ಆಚೆ ಕತೀಡ್ರಲ್ಲು, ಲೇಡೀಸ್ ಪೆವಿಲಿಯನ್ನಿನಲ್ಲಿ ಕೇಕು. ನದಿ ಉಕ್ಕಿ ಮೈದಾನವೇ ಕೆರೆಯಾಗುವುದೂ ಉಂಟು. ಚೆಲ್ಟನಂನಲ್ಲಿ ಒಂದು ಶಾಲೆಯ ಮೈದಾನದಲ್ಲಿ ಗ್ಲಾಸ್ಟರ್‌ಶೈರ್ ತಂಡ 1872ರಿಂದ ಆಡುತ್ತ ಬಂದಿದೆ. ಬೇಸಿಗೆಯ ಆ ವಾರಗಳಲ್ಲಿ ಸುತ್ತ ಡೇರೆ ಹಾಕಿ ಜಾತ್ರೆ ಮಾಡುತ್ತಾರೆ.

ಒಂದನ್ನೇ ಆರಿಸು ಎಂದರೆ ನನ್ನ ಓಟು ಟಾಂಟನ್‌ಗೆ. ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಒಂದು ಕಡೆ ಸೇಂಟ್ ಜೇಮ್ಸ್ ಚರ್ಚಿನ ಗೋಪುರ, ದೂರದಲ್ಲಿ ಕ್ವಾಂಟಾಕ್ ಗುಡ್ಡಗಳು, ಮಗ್ಗುಲಲ್ಲೇ ಟೋನ್ ನದಿ. ವಿವ್ ರಿಚರ್ಡ್ಸ್, ಬಾಥಮ್ ಹೊಡೆದ ಸಿಕ್ಸರುಗಳು ಆ ನೀರಿಗೇ ಬೀಳುತ್ತಿದ್ದವು. 1980ರಲ್ಲಿ ಗವಾಸ್ಕರ್ ಆಡಿದ ಕೌಂಟಿ ಇಲ್ಲಿಯ ಸಾಮರ್‌ಸೆಟ್. 1999ರ ಮೇ 26ರಂದು, ವಿಶ್ವಕಪ್ಪಿನಲ್ಲಿ, ಶ್ರೀಲಂಕಾ ವಿರುದ್ಧ ನಮ್ಮ ದ್ರಾವಿಡ್ 145, ಗಂಗೂಲಿ 183 ಹೊಡೆದು 318 ರನ್ನಿನ ಜೊತೆಯಾಟ ಕಟ್ಟಿದ್ದೂ ಇಲ್ಲಿಯೇ. ಇಷ್ಟೆಲ್ಲ ಇದ್ದರೂ ಸಾಮರ್‌ಸೆಟ್ ಚಾಂಪಿಯನ್‌ಶಿಪ್ಪನ್ನು ಒಮ್ಮೆಯೂ ಗೆದ್ದಿಲ್ಲ. ಸ್ಪರ್ಧೆ ಅಧಿಕೃತವಾಗಿ ಶುರುವಾದದ್ದು 1890ರಲ್ಲಿ. ಅಲ್ಲಿಯ ಅಭಿಮಾನಿಗಳ ತಾಳ್ಮೆ ನೋಡಿದರೆ ನಮ್ಮ ಆರ್‌ಸಿಬಿಯವರು ಹದಿನೆಂಟು ವರ್ಷ ಕಾದದ್ದನ್ನು ಕಷ್ಟ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

3. ಸ್ವೆಟರ್ ಮೇಲೆ ಸ್ವೆಟರ್

ಏಪ್ರಿಲ್ ಎಂದರೆ ನಮ್ಮಲ್ಲಿ ಮಾವಿನಕಾಯಿ ಚಿತ್ರಾನ್ನದ ಕಾಲ. ಅಲ್ಲಿ ಚಾಂಪಿಯನ್‌ಶಿಪ್ ಶುರುವಾಗುವ ಕಾಲ, ಸ್ಲಿಪ್ಪಿನಲ್ಲಿ ನಿಂತವರು ಕೈ ಬಾಯಿಗಿಟ್ಟು ಊದಿಕೊಳ್ಳುತ್ತಿರುತ್ತಾರೆ. ಪಂದ್ಯಗಳ ದೊಡ್ಡ ಪಾಲು ಏಪ್ರಿಲ್, ಮೇ ಮತ್ತು ಸೆಪ್ಟೆಂಬರಿಗೆ ಹೋಗಿದೆ. ನಡುವಿನ ಒಳ್ಳೆಯ ಬಿಸಿಲನ್ನು ಟಿ20 ತಿನ್ನುತ್ತದೆ, ಆಗಸ್ಟನ್ನು 2021ರಿಂದ 'ದಿ ಹಂಡ್ರೆಡ್' ನುಂಗಿದೆ. ಇದು ನನಗೆ ಒಪ್ಪಿಗೆಯಿಲ್ಲ, ನನ್ನನ್ನು ಕೇಳಿದವರೂ ಇಲ್ಲ. ಕೆಳಗೆ ಹಾಸಿಕೊಳ್ಳಲು ಏನಾದರೂ ತನ್ನಿ, ಪ್ಲಾಸ್ಟಿಕ್ ಕುರ್ಚಿಯ ಚಳಿ ಬೆನ್ನುಹುರಿಗೇ ಏರುತ್ತದೆ.

4. ಬುತ್ತಿ

ಕೌಂಟಿ ಮೈದಾನಕ್ಕೆ ಮನೆಯ ಊಟ ಒಯ್ಯಬಹುದು, ಎಲ್ಲರೂ ಒಯ್ಯುತ್ತಾರೆ. ಪುಳಿಯೋಗರೆ ಆಗುತ್ತದೆ, ಮೊಸರನ್ನ ಆಗುತ್ತದೆ, ಸಾರು ಆಗುವುದಿಲ್ಲ. ಕೋಡುಬಳೆ ಧಾರಾಳವಾಗಿರಲಿ, ಯಾಕೆಂದರೆ ಹಿಂದಿನ ಸಾಲಿಗೂ ಹಂಚಬೇಕಾಗುತ್ತದೆ. ನಮ್ಮ ಮೇಷ್ಟ್ರು ತಮ್ಮ ಚೀಸ್ ಸ್ಯಾಂಡ್‌ವಿಚ್ಚನ್ನು ಈಗ ಉಪ್ಪಿನಕಾಯಿ ಇಲ್ಲದೆ ಮುಟ್ಟುವುದಿಲ್ಲ. ಫ್ಲಾಸ್ಕಿನಲ್ಲಿ ಡಿಕಾಕ್ಷನ್ ಬೇರೆ, ಹಾಲು ಬೇರೆ ತರುವುದು ನಮ್ಮ ಮಂಗಳೂರಿನವಳ ಶಿಸ್ತು. "ಬೆರೆಸಿ ತಂದ್ರೆ ಅದು ಕಾಫಿಯಾ ಮಾರಾಯ್ರೆ?" ಎಂದು ಒಮ್ಮೆ ಬೈಸಿಕೊಂಡಿದ್ದೇವೆ.

5. ಬೌಲರನ ಬೆನ್ನ ಹಿಂದೆ

ಸೀಟಿಗೆ ನಂಬರಿಲ್ಲದ ಕಡೆ ಸೈಟ್‌ಸ್ಕ್ರೀನಿನ ಪಕ್ಕ, ಸ್ವಲ್ಪ ಎತ್ತರದಲ್ಲಿ ಕೂರಿ. ಚೆಂಡು ಒಳಗೆ ಬಂತೋ ಹೊರಗೆ ಹೋಯಿತೋ ಕಾಣುವುದು ಅಲ್ಲಿಂದ ಮಾತ್ರ. ಪಕ್ಕದಿಂದ ನೋಡಿದರೆ ವೇಗ ತಿಳಿಯುತ್ತದೆ, ಸ್ವಿಂಗ್ ತಿಳಿಯುವುದಿಲ್ಲ. ಆದರೆ ಅಲ್ಲಿ ಕೂತವರಿಗೆ ಒಂದು ಕಟ್ಟಳೆ ಇದೆ: ಓವರ್ ಮುಗಿಯುವ ತನಕ ಏಳುವಂತಿಲ್ಲ. ಎದ್ದರೆ ಬ್ಯಾಟರ್ ಕೈಯೆತ್ತಿ ಆಟ ನಿಲ್ಲಿಸುತ್ತಾನೆ, ಇಡೀ ಸ್ಟ್ಯಾಂಡು ತಿರುಗಿ ನೋಡುತ್ತದೆ. ಯಾರೂ ಬೈಯುವುದಿಲ್ಲ. ಅದೇ ಕಷ್ಟ.

6. ಬೋನಸ್ ಪಾಯಿಂಟ್ ಗೊತ್ತಿಲ್ಲದಿದ್ದರೆ ಚಪ್ಪಾಳೆ ಯಾಕೆಂದು ತಿಳಿಯದು

ಗೆದ್ದರೆ 16 ಪಾಯಿಂಟ್, ಡ್ರಾ ಆದರೆ 8. ಇದರ ಮೇಲೆ ಮೊದಲ ಇನ್ನಿಂಗ್ಸಿನ ಮೊದಲ 110 ಓವರಿನೊಳಗೆ ಗಳಿಸುವ ಚಿಲ್ಲರೆ ಪಾಯಿಂಟುಗಳಿವೆ. ಬ್ಯಾಟಿಂಗ್ ತಂಡ 250 ಮುಟ್ಟಿದರೆ ಒಂದು, ಅಲ್ಲಿಂದ ಪ್ರತಿ 50ಕ್ಕೆ ಇನ್ನೊಂದು, 450ರಲ್ಲಿ ಐದು. ಬೌಲಿಂಗ್ ತಂಡಕ್ಕೆ ಮೂರು, ಆರು, ಒಂಬತ್ತನೇ ವಿಕೆಟ್ಟಿಗೆ ಒಂದೊಂದು.

ಈ ಚಿಲ್ಲರೆಯಿಂದಲೇ ಕೌಂಟಿಯ ನಾಟಕ ಹುಟ್ಟುತ್ತದೆ. 109ನೇ ಓವರ್, ಸ್ಕೋರು ಒಂಬತ್ತಕ್ಕೆ 296 ಎಂದುಕೊಳ್ಳಿ. ಹನ್ನೊಂದನೆಯವನು ಕ್ರೀಸಿನಲ್ಲಿದ್ದಾನೆ. ಪಂದ್ಯ ಎತ್ತ ಹೋಗುತ್ತದೋ ಯಾರಿಗೂ ತಿಳಿಯದು, ಆದರೂ ಆ ನಾಲ್ಕು ರನ್ನಿಗಾಗಿ ಹೆಣಿಗೆ ಹಾಕುತ್ತಿದ್ದ ಅಜ್ಜಿ ಕಡ್ಡಿ ಕೆಳಗಿಡುತ್ತಾರೆ. ಚೆಂಡು ಬ್ಯಾಟಿನ ಅಂಚಿಗೆ ತಾಗಿ ಥರ್ಡ್ ಮ್ಯಾನಿಗೆ ಓಡಿದರೆ ಶತಕಕ್ಕೆ ಬಿದ್ದಷ್ಟೇ ಚಪ್ಪಾಳೆ. ಸೆಪ್ಟೆಂಬರಿನಲ್ಲಿ ಬಡ್ತಿ, ಹಿಂಬಡ್ತಿ ತೀರ್ಮಾನವಾಗುವಾಗ ಏಪ್ರಿಲಿನ ಇಂಥ ಒಂದು ಎಡ್ಜು ಲೆಕ್ಕಕ್ಕೆ ಬರುತ್ತದೆ. 2000ದಿಂದ ಚಾಂಪಿಯನ್‌ಶಿಪ್ ಎರಡು ಡಿವಿಷನ್ ಆಗಿದೆ. ಹದಿನೆಂಟು ಕೌಂಟಿಗಳಲ್ಲಿ ಈಗ ಮೇಲೆ ಹತ್ತು, ಕೆಳಗೆ ಎಂಟು.

7. ನಮ್ಮ ಹುಡುಗರ ಹೆಸರೇ ಪರಿಚಯ ಪತ್ರ

ಪಕ್ಕದ ಹಿರಿಯರ ಜೊತೆ ಮಾತು ಶುರು ಮಾಡುವುದು ಹೇಗೆ ಎಂದು ಹೊಸಬರು ಕೇಳುತ್ತಾರೆ. ಹವಾಮಾನದಿಂದ ಬೇಡ, ಅದು ಎರಡು ವಾಕ್ಯಕ್ಕೆ ಮುಗಿಯುತ್ತದೆ. ನಾರ್ಥಾಂಪ್ಟನ್‌ನಲ್ಲಿದ್ದರೆ "1995ರಲ್ಲಿ ಇಲ್ಲಿಗೆ ಬರುತ್ತಿದ್ದಿರಾ?" ಎಂದು ಕೇಳಿ ನೋಡಿ. ಆ ಬೇಸಿಗೆಯಲ್ಲಿ ಅನಿಲ್ ಕುಂಬ್ಳೆ ನಾರ್ಥಾಂಪ್ಟನ್‌ಶೈರ್‌ಗೆ 105 ವಿಕೆಟ್ ತೆಗೆದಿದ್ದರು. ಅದೇ ಬೇಸಿಗೆಯಲ್ಲಿ ಜಾವಗಲ್ ಶ್ರೀನಾಥ್ ಗ್ಲಾಸ್ಟರ್‌ಶೈರ್‌ಗೆ 87. ಒಬ್ಬರು ಬೆಂಗಳೂರಿನ ಆರ್.ವಿ. ಕಾಲೇಜಿನ ಎಂಜಿನಿಯರ್, ಇನ್ನೊಬ್ಬರು ಮೈಸೂರಿನ ಎಸ್‌ಜೆಸಿಇಯವರು. ಐಟಿ ಕೆಲಸಕ್ಕೆ ಕನ್ನಡದ ಎಂಜಿನಿಯರುಗಳು ಗುಂಪುಗುಂಪಾಗಿ ಇಂಗ್ಲೆಂಡಿಗೆ ಬರುವ ಮುಂಚೆ ಈ ಇಬ್ಬರು ಬಂದು ಬೇರೆಯೇ ಕೆಲಸ ಮಾಡಿ ಹೋಗಿದ್ದರು.

ಕ್ಯಾಂಟರ್‌ಬರಿಯಲ್ಲಿ 2000ದ ದ್ರಾವಿಡ್. ಪೋರ್ಟ್ಸ್‌ಮತ್‌ನಲ್ಲಿ ಹ್ಯಾಂಪ್‌ಶೈರ್ ಪರ ಆಡುತ್ತಿದ್ದ ಶೇನ್ ವಾರ್ನ್ ಎದುರು ಅವರು ಕೆಂಟ್ ಪರವಾಗಿ ಹೊಡೆದ ಶತಕವನ್ನು ಅಲ್ಲಿಯವರು ಇವತ್ತಿಗೂ ಚೆಂಡು ಚೆಂಡಾಗಿ ಹೇಳುತ್ತಾರೆ. ಆಗ ಕ್ಯಾಂಟರ್‌ಬರಿಯ ಬೌಂಡರಿಯೊಳಗೆ ದೊಡ್ಡ ಲೈಮ್ ಮರವಿತ್ತು, ಚೆಂಡು ಅದಕ್ಕೆ ಬಡಿದರೆ ನಾಲ್ಕು ರನ್. 2005ರ ಜನವರಿಯ ಗಾಳಿಗೆ ಮರ ಉರುಳಿತು, ಈಗಿರುವುದು ಅದರ ಬದಲಿಗೆ ನೆಟ್ಟ ಮರ.

ಇನ್ನು ಕರುಣ್ ನಾಯರ್. 2016ರಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧವೇ ತ್ರಿಶತಕ ಹೊಡೆದು, ಮುಂದೆ ತಂಡದಿಂದಲೇ ಮರೆಯಾದವರು ಮತ್ತೆ ಉಸಿರು ಹಿಡಿದದ್ದು ನಾರ್ಥಾಂಪ್ಟನ್‌ನಲ್ಲಿ. 2023ರಲ್ಲಿ ಓವಲ್‌ನಲ್ಲಿ ಸರ್ರಿ ವಿರುದ್ಧ 150, 2024ರ ಏಪ್ರಿಲಿನಲ್ಲಿ ಗ್ಲಾಮೊರ್ಗನ್ ವಿರುದ್ಧ ಔಟಾಗದೆ 202. ಮರುವರ್ಷ ಟೆಸ್ಟ್ ಕ್ಯಾಪ್ ಮತ್ತೆ ತಲೆಗೇರಿತು. ಟೆಸ್ಟಿನಲ್ಲಿ ಅವರ ಸ್ಕೋರು ನೋಡಿದವರು ಕೋಟಿ ಜನ, ಆ ಚಳಿಯ 202 ನೋಡಿದವರು ಕೆಲವೇ ನೂರು. ಆ ಕೆಲವರಲ್ಲೊಬ್ಬರು ಪಕ್ಕದ ಕುರ್ಚಿಯಲ್ಲಿ ಸಿಕ್ಕರೆ ಕೋಡುಬಳೆ ಡಬ್ಬಿಯನ್ನೇ ಕೊಟ್ಟುಬಿಡಿ.

8. ಊಟದ ಬಿಡುವಿನಲ್ಲಿ ಕುರ್ಚಿ ಬಿಡಿ

ಒಂದು ಗಂಟೆಯಿಂದ ನಲವತ್ತು ನಿಮಿಷ ಬಿಡುವು. ಹಲವು ಮೈದಾನಗಳಲ್ಲಿ ಆಗ ಪ್ರೇಕ್ಷಕರನ್ನು ಹುಲ್ಲಿಗೆ ಬಿಡುತ್ತಾರೆ. ಮಕ್ಕಳು ಟೆನಿಸ್ ಬಾಲ್ ಹಿಡಿದು ಓಡುತ್ತಾರೆ, ಮುದುಕರು ಹಗ್ಗದಾಚೆ ನಿಂತು ಪಿಚ್ಚನ್ನು ಹಸು ಕೊಳ್ಳಲು ಬಂದವರಂತೆ ಪರೀಕ್ಷಿಸುತ್ತಾರೆ. ನೀವೂ ಹೋಗಿ ನೋಡಿ. ಬೌಲರುಗಳ ಬೂಟಿನಿಂದ ಎದ್ದ ಮಣ್ಣು ಎಡಗೈ ಆಟಗಾರನ ಆಫ್ ಸ್ಟಂಪಿನ ಹೊರಗೆ ಬಿದ್ದಿದ್ದರೆ ಆಫ್ ಸ್ಪಿನ್ನರನಿಗೆ ಮಧ್ಯಾಹ್ನ ಕೆಲಸವಿದೆ. ಟಾಂಟನ್‌ನಲ್ಲಿ ಚೆಂಡು ಹೀಗೆ ತಿರುಗುವುದು ಹೆಚ್ಚಾದಾಗ ಆಪಲ್ ಸೈಡರಿಗೆ ಹೆಸರಾದ ಆ ಸೀಮೆಯ ಮೈದಾನಕ್ಕೆ 'ಸೈಡರಾಬಾದ್' ಎಂದು ಅಡ್ಡಹೆಸರಿಟ್ಟರು.

9. ಡ್ರಾ ಎಂದು ಎದ್ದು ಹೋಗಬೇಡಿ

2024ರ ಸೆಪ್ಟೆಂಬರ್, ಟಾಂಟನ್, ಸಾಮರ್‌ಸೆಟ್ ಎದುರು ಸರ್ರಿ. ಸರ್ರಿಯ ಪರ ಶಕೀಬ್ ಅಲ್ ಹಸನ್ ಒಂಬತ್ತು ವಿಕೆಟ್ ತೆಗೆದಿದ್ದರು. ಸಾಮರ್‌ಸೆಟ್‌ನ ಟಾಮ್ ಬ್ಯಾಂಟನ್ ಕಾಲು ಉಳುಕಿದ್ದರೂ ಕುಂಟುತ್ತಲೇ ಬಂದು ಕೊನೆಯ ವಿಕೆಟ್ಟಿಗೆ ನಿಂತು ರನ್ ಸೇರಿಸಿದರು. ನಾಲ್ಕನೇ ದಿನ ಸರ್ರಿಗೆ ಗುರಿ 221. ಮೂರಕ್ಕೆ 95 ಆದಾಗ ಡ್ರಾ ಖಾತ್ರಿ ಎಂದು ದಾವಣಗೆರೆಯ ಗೆಳೆಯ ಚೀಲ ಹೆಗಲಿಗೇರಿಸಿ, "ಏನಪಾ, ಇನ್ನೇನೈತಿ ಇಲ್ಲಿ" ಎಂದು ರೈಲಿಗೆ ನಡೆದ. ಆಮೇಲೆ ಹದಿನೆಂಟು ವರ್ಷದ ಆರ್ಚೀ ವಾನ್ ಮತ್ತು ಜ್ಯಾಕ್ ಲೀಚ್ ಸೇರಿ 14 ರನ್ ಕೊಡುವಷ್ಟರಲ್ಲಿ ಏಳು ವಿಕೆಟ್ ಕಿತ್ತರು. ಸರ್ರಿ 109ಕ್ಕೆ ಆಲೌಟ್, ಆಟದ ಹೊತ್ತು ಮುಗಿಯಲು ಕೆಲವೇ ನಿಮಿಷ ಬಾಕಿ. ಆ ವರ್ಷದ ಪ್ರಶಸ್ತಿ ಕೊನೆಗೂ ಸರ್ರಿಗೇ ಹೋಯಿತು, ಅದು ಬೇರೆ ಮಾತು. ಗೆಳೆಯ ರೈಲಿನಲ್ಲಿ ಕಿವಿಗೆ ಬಿಬಿಸಿ ಕಾಮೆಂಟರಿ ಸಿಕ್ಕಿಸಿಕೊಂಡು ಒಬ್ಬನೇ ಕೂಗಾಡಿದನಂತೆ. ಈ ಕಥೆಯನ್ನು ಅವನ ಮುಂದೆ ಹೇಳಲು ಸಿಗುವ ಯಾವ ಅವಕಾಶವನ್ನೂ ನಾವು ಬಿಡುವುದಿಲ್ಲ.

10. ವಾಪಸ್ ರೈಲಿನ ಟಿಕೆಟ್

ಇಂಥದೇ ರೈಲು ಎಂದು ಕಟ್ಟಿಹಾಕುವ ಅಗ್ಗದ ಟಿಕೆಟ್ ತೆಗೆಯಬೇಡಿ. ಆರಕ್ಕೆ ಮುಗಿಯಬೇಕಾದ ಆಟ ಓವರು ನಿಧಾನವಾದರೆ ಆರೂವರೆಗೆ ಎಳೆಯುತ್ತದೆ. ಹೆಚ್ಚು ದುಡ್ಡು ಕೊಟ್ಟಾದರೂ ಯಾವ ರೈಲಿಗಾದರೂ ಹತ್ತಬಹುದಾದ ಟಿಕೆಟ್ ತೆಗೆಯಿರಿ. ಮೂರನೇ ದಿನಕ್ಕೆ ಹೋಗಿದ್ದರೆ ಮರುದಿನದ ರೇಡಿಯೊ ಕಾಮೆಂಟರಿ ಪುಕ್ಕಟೆ, ಕೌಂಟಿಗಳು ನೇರ ಪ್ರಸಾರವನ್ನೂ ಮಾಡುತ್ತವೆ. ಕೆಲಸದ ಮೇಜಿನ ಮೇಲೆ ಒಂದು ಮೂಲೆಯಲ್ಲಿ ಅದು ಓಡುತ್ತಿರಲಿ. ಇನ್ನೂರೈವತ್ತಕ್ಕೆ ಡಿಕ್ಲೇರ್ ಮಾಡಿದರೋ ಮುನ್ನೂರಕ್ಕೋ ಎಂಬುದು ಹನ್ನೊಂದೂವರೆಯ ಹೊತ್ತಿಗೆ ನಮ್ಮ ವಾಟ್ಸಾಪ್ ಗುಂಪಿಗೆ ಬಂದಿರುತ್ತದೆ, ಮೇಷ್ಟ್ರ ಅಸಮ್ಮತಿಯ ಸಮೇತ.