‘ಎಂದಿಟ್ಟುಕೊಳ್ಳೋಣ’ ಎಂಬಲ್ಲಿಂದ

ಗಣಿತದ ಮೇಷ್ಟ್ರು ಬೋರ್ಡಿನ ಮುಂದೆ ನಿಂತು ಹೇಳುತ್ತಿದ್ದ ಮಾತು ನಿಮಗೆ ನೆನಪಿರಬಹುದು: ‘ಮಗನ ವಯಸ್ಸು ಎಕ್ಸ್ ಎಂದಿಟ್ಟುಕೊಳ್ಳೋಣ.’ ಗೊತ್ತಿಲ್ಲದ್ದನ್ನು ಸದ್ಯಕ್ಕೆ ಒಪ್ಪಿಕೊಂಡು ಮುಂದೆ ಸಾಗುವ ಈ ಉಪಾಯ ವಿಜ್ಞಾನದ ಸಿದ್ಧಾಂತಗಳಲ್ಲೂ ಇದೆ. ಹಾಗೆ ಇಟ್ಟುಕೊಂಡದ್ದು ಗೃಹೀತ. ಅದರಿಂದ ಲೆಕ್ಕ ಹಾಕಿ ‘ಹಾಗಾದರೆ ಇಂಥ ಕಡೆ ಇಂಥದ್ದು ಕಾಣಬೇಕು’ ಎನ್ನುವುದು ಮುನ್ಸೂಚನೆ. ಹೋಗಿ ನೋಡಿದಾಗ ಸಿಗುವುದು ಶೋಧ. ಮೂರೂ ಮೆಟ್ಟಿಲುಗಳಂತೆ ಒಂದರ ಮೇಲೊಂದು ಕೂತಿವೆ ಅನ್ನಿಸುತ್ತದೆ, ಅಲ್ಲವೇ? ನೆಪ್ಚೂನ್ ಗ್ರಹ ಸಿಕ್ಕ ಬಗೆಯನ್ನು ನಿಧಾನವಾಗಿ ನೋಡಿದರೆ ಅವು ಎಷ್ಟು ಹೆಣೆದುಕೊಂಡಿವೆ ಎಂಬುದು ತಿಳಿಯುತ್ತದೆ.

1781ರ ಮಾರ್ಚ್ 13ರಂದು ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ವಿಲಿಯಂ ಹರ್ಷೆಲ್ ತಾನೇ ಮಾಡಿಕೊಂಡಿದ್ದ ದೂರದರ್ಶಕದಲ್ಲಿ ಯುರೇನಸ್ಸನ್ನು ಕಂಡ. ಯಾರೂ ಅದನ್ನು ಹುಡುಕುತ್ತಿರಲಿಲ್ಲ. ಅವನೇ ಮೊದಲಿಗೆ ಧೂಮಕೇತು ಎಂದುಕೊಂಡ. ಮುನ್ಸೂಚನೆಯ ಹಂಗಿಲ್ಲದ ಶೋಧವೂ ಉಂಟು ಎಂಬುದಕ್ಕೆ ಇದೇ ಸಾಕ್ಷಿ.

ಮುಂದಿನ ದಶಕಗಳಲ್ಲಿ ತೊಂದರೆ ಶುರುವಾಯಿತು. ನ್ಯೂಟನ್ನನ ಗುರುತ್ವ ನಿಯಮದ ಲೆಕ್ಕ ಒಂದು ಜಾಗ ತೋರಿಸಿದರೆ ಯುರೇನಸ್ ಇನ್ನೊಂದು ಜಾಗದಲ್ಲಿರುತ್ತಿತ್ತು. ಈಗ ತಪ್ಪು ಯಾರದು? ಅಷ್ಟು ದೂರದಲ್ಲಿ ನಿಯಮವೇ ಸಡಿಲವಾಗುತ್ತದೋ, ಅಥವಾ ಕಾಣದ ಗ್ರಹವೊಂದು ಎಳೆಯುತ್ತಿದೆಯೋ? ಲೆಕ್ಕ ತಪ್ಪಿದೆ ಎಂದಷ್ಟೇ ಆಕಾಶ ಹೇಳುತ್ತದೆ. ಯಾವ ಗೃಹೀತ ತಪ್ಪು ಎಂದು ಬೆರಳು ಮಾಡಿ ತೋರಿಸುವುದಿಲ್ಲ. ಹೊಸದಾಗಿ ಓದಲು ಬಂದವರು ಬೇರೇನು ಮರೆತರೂ ಇದನ್ನು ಮರೆಯಬಾರದು ಎಂಬುದು ನನ್ನ ಆಸೆ.

ಪ್ಯಾರಿಸ್ಸಿನ ಲೆವೆರಿಯೇ ನಿಯಮವನ್ನು ನಂಬಿದ, ಗ್ರಹವನ್ನು ಊಹಿಸಿದ. ಇಂಗ್ಲೆಂಡಿನ ಆಡಮ್ಸ್ ಕೂಡ ಬೇರೆಯಾಗಿಯೇ ಅದೇ ಲೆಕ್ಕಕ್ಕೆ ಕೂತಿದ್ದ. ಲೆವೆರಿಯೇ ಬರೆದ ಕಾಗದ 1846ರ ಸೆಪ್ಟೆಂಬರ್ 23ರಂದು ಬರ್ಲಿನ್ ವೀಕ್ಷಣಾಲಯದ ಗಾಲೆಯ ಕೈ ಸೇರಿತು. ಅಂದು ರಾತ್ರಿಯೇ ಗಾಲೆ ದೂರದರ್ಶಕಕ್ಕೆ ಕಣ್ಣಿಟ್ಟು ಒಂದೊಂದೇ ಚುಕ್ಕೆಯ ಜಾಗ ಹೇಳುತ್ತಾ ಹೋದ. ಡಾರೆಸ್ಟ್ ಎಂಬ ವಿದ್ಯಾರ್ಥಿ ಆಗಷ್ಟೇ ಅಚ್ಚಾಗಿದ್ದ ನಕ್ಷೆಯಲ್ಲಿ ಅದನ್ನು ತಾಳೆ ನೋಡುತ್ತಾ ಹೋದ. ಇದೆ, ಇದೆ, ಇದೂ ಇದೆ. ಕೊನೆಗೆ ಒಂದು ಚುಕ್ಕೆ ನಕ್ಷೆಯಲ್ಲಿರಲಿಲ್ಲ. ಲೆವೆರಿಯೇ ಹೇಳಿದ ಜಾಗದಿಂದ ಅದು ಒಂದು ಡಿಗ್ರಿಯಷ್ಟೂ ದೂರವಿರಲಿಲ್ಲ. ಮರುರಾತ್ರಿ ನೋಡಿದರೆ ಜಾಗ ಬದಲಿಸಿತ್ತು. ನಕ್ಷತ್ರವಲ್ಲ, ಗ್ರಹವೇ!

ಇಲ್ಲಿಗೇ ನಿಲ್ಲಿಸಿದರೆ ಪಾಠ ಅರ್ಧವಾಗುತ್ತದೆ. ಒಂದೊಂದು ಗ್ರಹವೂ ಹಿಂದಿನದಕ್ಕಿಂತ ಸುಮಾರು ಎರಡು ಪಟ್ಟು ದೂರದಲ್ಲಿರುತ್ತದೆ ಎಂದು ಹೇಳುವ ಅಂಕಿಗಳ ಸರಣಿಯೊಂದು ಆಗ ಬಳಕೆಯಲ್ಲಿತ್ತು. ಲೆವೆರಿಯೇ, ಆಡಮ್ಸ್ ಇಬ್ಬರೂ ಅದನ್ನೇ ಆಧಾರವಾಗಿ ಹಿಡಿದು, ಹೊಸ ಗ್ರಹ ಸೂರ್ಯನಿಂದ ಭೂಮಿಗಿಂತ ಸುಮಾರು 38 ಪಟ್ಟು ದೂರವಿದೆ ಎಂದಿಟ್ಟುಕೊಂಡು ಹೊರಟಿದ್ದರು. ನೆಪ್ಚೂನ್ ಇರುವುದು ಸುಮಾರು 30 ಪಟ್ಟು ದೂರದಲ್ಲಿ. ಗೃಹೀತ ತಪ್ಪು, ಶೋಧ ಸರಿ! 1822ರ ಸುಮಾರಿಗೆ ಯುರೇನಸ್ ಆ ಗ್ರಹವನ್ನು ಹಾದುಹೋಗಿತ್ತು. ಹಾಗಾಗಿ ಎಳೆತ ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದು ಲೆಕ್ಕದಲ್ಲಿ ಚೆನ್ನಾಗಿ ಸಿಕ್ಕಿತು, ಎಷ್ಟು ದೂರದಿಂದ ಎಂಬುದು ಸಿಗಲಿಲ್ಲ. ಗಾಲೆಗೆ ಬೇಕಾಗಿದ್ದುದು ದಿಕ್ಕೊಂದೇ.

ಬುಧ ಗ್ರಹದ್ದೂ ಇಂಥದೇ ತಕರಾರು. ಅದರ ಪಥದಲ್ಲಿ ಸೂರ್ಯನಿಗೆ ತೀರ ಹತ್ತಿರದ ಬಿಂದು ಮೆಲ್ಲಗೆ ಮುಂದಕ್ಕೆ ಸರಿಯುತ್ತದೆ. ಬೇರೆ ಗ್ರಹಗಳ ಎಳೆತವನ್ನೆಲ್ಲ ಕಳೆದ ಮೇಲೂ ಒಂದಿಷ್ಟು ಸರಿತ ಲೆಕ್ಕಕ್ಕೆ ಸಿಗದೆ ಉಳಿಯುತ್ತದೆ. ಎಷ್ಟು ಗೊತ್ತೇ? ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಅಂಥ 43 ಪಾಲು. ಹುಣ್ಣಿಮೆಯ ಚಂದ್ರನ ಅಗಲದ ಸುಮಾರು ನಲವತ್ತರಲ್ಲೊಂದು ಭಾಗ, ಅದೂ ನೂರು ವರ್ಷಕ್ಕೆ. 1859ರಲ್ಲಿ ಲೆವೆರಿಯೇ ತನಗೆ ಗೆಲುವು ತಂದುಕೊಟ್ಟ ಉಪಾಯವನ್ನೇ ಮತ್ತೆ ಹೂಡಿದ: ಸೂರ್ಯನ ಮಗ್ಗುಲಲ್ಲಿ ಕಾಣದ ಕಾಯ ಇರಬೇಕು. ಅದಕ್ಕೆ ವಲ್ಕನ್ ಎಂಬ ಹೆಸರೂ ಬಂತು, ಕಂಡೆವೆಂದವರೂ ಇದ್ದರು. ಲೆವೆರಿಯೇ 1877ರಲ್ಲಿ ತೀರಿಕೊಂಡ. ವಲ್ಕನ್ ಸಿಗಲೇ ಇಲ್ಲ. ಅವನನ್ನು ಹಟಮಾರಿ ಎನ್ನಲು ನನಗೆ ಮನಸ್ಸು ಬಾರದು. ಯುರೇನಸ್ಸಿನ ವಿಷಯದಲ್ಲಿ ಯಾವುದು ಜಾಣತನವಾಗಿತ್ತೋ ಅದನ್ನೇ ಅವನು ಇಲ್ಲಿಯೂ ಮಾಡಿದ್ದ.

ಈ ಸಲ ಬದಲಾಗಬೇಕಾದದ್ದು ನಿಯಮವೇ ಆಗಿತ್ತು. 1915ರ ನವೆಂಬರಿನಲ್ಲಿ ಐನ್‌ಸ್ಟೈನ್ ಗುರುತ್ವವನ್ನು ದೇಶಕಾಲದ ಬಾಗುವಿಕೆ ಎಂದಿಟ್ಟುಕೊಂಡು ಲೆಕ್ಕ ಹಾಕಿದ. ಯಾವ ಹೊಸ ಗ್ರಹವೂ ಬೇಕಾಗದೆ ಆ 43 ತಾನಾಗಿ ಹೊರಬಿತ್ತು.

ಕೊನೆಯದಾಗಿ ಗೆಲಿಲಿಯೋನ ವಿಷಯ. ಗುರುವಿನ ಉಪಗ್ರಹಗಳನ್ನು ದಿನವೂ ಗುರುತು ಹಾಕಿಕೊಳ್ಳುತ್ತಿದ್ದ ಅವನು 1612ರ ಡಿಸೆಂಬರಿನಲ್ಲಿ ಮತ್ತು 1613ರ ಜನವರಿಯಲ್ಲಿ ನೆಪ್ಚೂನನ್ನು ನೋಡಿದ್ದ, ನಕ್ಷತ್ರವೆಂದು ಗುರುತಿಸಿಕೊಂಡಿದ್ದ. ಪಕ್ಕದ ಚುಕ್ಕೆಗೂ ಅದಕ್ಕೂ ನಡುವಿನ ಅಂತರ ಹಿಂದಿನ ರಾತ್ರಿ ಬೇರೆಯಾಗಿತ್ತು ಎಂದೂ ಟಿಪ್ಪಣಿ ಮಾಡಿದ. ಶನಿಯಿಂದಾಚೆ ಗ್ರಹವಿರಬಹುದು ಎಂದು ಇಟ್ಟುಕೊಳ್ಳಲು ಅವನಿಗೆ ಆಗ ಯಾವ ಕಾರಣವೂ ಇರಲಿಲ್ಲ. ಅವನ ಕಣ್ಣು ಮತ್ತೆ ಗುರುವಿನ ಕಡೆಗೇ ಹೋಯಿತು.